ಹರಿದ ಎಳೆ

ಹೊರಟ ಬಸ್ಸನ್ನು ನಿಲ್ಲಿಸಿ ಗೀತಾಂಜಲಿ ಹಗರಿಬೊಮ್ಮನಹಳ್ಳಿಯ ರಸ್ತೆಗೆ ಇಳಿದಳು. ಕಂಡಕ್ಟರ್ ಬೈದದ್ದು ಕಿವಿಗೆ ಬೀಳಲಿಲ್ಲ. ಎದುರಿನ ಕಟ್ಟಡದ ಮೇಲೆ ಹೊಸ ಫ್ಲೆಕ್ಸ್ — ‘ಸರಳಾ ಸೀರೆ ಭಂಡಾರ’.

ಆ ಅಕ್ಷರಗಳು ಅವಳವು!

ವರ್ಷಗಟ್ಟಲೆ ಕೂತು ಬರೆದ ಅಕ್ಷರ, ಅವಳದೇ ಹೊಸ ಫಾಂಟ್. ಮಲ್ಲಿಗೆಗೆ ಹೆಸರಾದ ಹಡಗಲಿಯ ಹುಡುಗಿ, ಅದಕ್ಕೆ ‘ಮೊಗ್ಗು’ ಎಂದೇ ಹೆಸರಿಟ್ಟಿದ್ದಳು. ದಪ್ಪ ಗೆರೆ ಮಲ್ಲಿಗೆಯ ಮೊಗ್ಗಿನಂತೆ ತುಂಬಿಕೊಂಡಿದ್ದರೆ, ಸಣ್ಣ ಗೆರೆ ಹೂ ಕಟ್ಟುವ ದಾರದಷ್ಟು ತೆಳು. ಗೆರೆ ಮುಗಿಯುವಲ್ಲಿ ಪುಟ್ಟ ಪಾದ. ಧಾರವಾಡದ ಪ್ರಕಾಶಕರೊಬ್ಬರು ತಮ್ಮ ಪುಸ್ತಕಗಳಿಗಾಗಿ ಅದನ್ನು ಕೊಳ್ಳುವವರಿದ್ದರು. ಷರತ್ತು ಒಂದೇ — ಅಲ್ಲಿಯವರೆಗೆ ಅದು ಬೇರೆಲ್ಲೂ ಕಾಣಿಸಿಕೊಳ್ಳಬಾರದು. ಈಗ? ಫ್ಲೆಕ್ಸಿನ ಫೋಟೊ ಯಾರಿಂದಲೋ ಆಗಲೇ ಅವರಿಗೂ ತಲುಪಿತ್ತು. “ಕದ್ದವರು ಯಾರೆಂದು ಸಂಜೆಯೊಳಗೆ ತಿಳಿಸಿ. ಇಲ್ಲವಾದರೆ ನಮ್ಮ ದಾರಿ ನಮಗೆ” ಎಂದು ಫೋನಿನಲ್ಲೇ ಹೇಳಿಬಿಟ್ಟರು.

ಅಂಗಡಿಯವರನ್ನು ಕೇಳಿದರೆ, ಫ್ಲೆಕ್ಸ್ ಅಚ್ಚು ಹಾಕಿದವನು ದಾವಣಗೆರೆಯವನಂತೆ. ಅವನ ಫೋನು ಬಂದಾಗಿತ್ತು.

ಮನೆ ಸೇರುವಷ್ಟರಲ್ಲಿ ಅವಳು ಅರ್ಧ ಜೀವವಾಗಿದ್ದಳು. ಪಕ್ಕದ ಓಣಿಯ ರೇಣುಕಾ ಬಂದು ಕೂತಿದ್ದರು. ಪೊಲೀಸ್ ಇಲಾಖೆಯ ಬೆರಳುಮುದ್ರೆ ವಿಭಾಗದಲ್ಲಿ ಕಣ್ಣು ಸವೆಸಿ ನಿವೃತ್ತರಾದವರು. ನಡೆದದ್ದನ್ನೆಲ್ಲ ಕೇಳಿಸಿಕೊಂಡು ಶುರು ಮಾಡಿದರು:

“ಕುಂದ್ರವಾ. ಈ ಅಕ್ಷರ ಯಾರ್‍ಯಾರ ಹತ್ರ ಅದಾವ?”

“ಇಬ್ಬರ ಹತ್ರ ರೀ. ಕಂಪ್ಯೂಟರಿಗೆ ಹೊಂದಿಸಿಕೊಟ್ಟ ಮೌನೇಶ್. ಮಾದರಿ ಹಾಳಿ ಅಚ್ಚು ಹಾಕಿದ ಪ್ರೆಸ್ಸಿನ ಸೋಮಶೇಖರ್.”

“ಮೌನೇಶನ್ನ ಕೇಳಿದ್ಯಾ?”

“ಕೇಳಾದೇನ್ ಬಂತ್ರಿ! ಫ್ಲೆಕ್ಸಿನ ಫೋಟೊ ಕಳಿಸಿ, ಬಾಯಿಗೆ ಬಂದಂಗ ಬೈದೆ. ಸುಮ್ನ ಕೇಳಿ ಫೋನ್ ಇಟ್ಟ.”

“ಸುಮ್ನಿದ್ದವ್ರೆಲ್ಲ ಕಳ್ರೇನು?”

ಮಂಚದ ಮೇಲಿದ್ದ ಅಣ್ಣ ಬಸವೇಶ್ ಬಾಯಿ ಹಾಕಿದ. ಅಂಗಡಿ ಬೋರ್ಡುಗಳ ಕೆಲಸ ಹಿಡಿದು ಕೊಟ್ಟೂರು–ದಾವಣಗೆರೆ ಸುತ್ತುವವನು. “ಆ ಮೌನೇಶನ್ನ ನಂಬಬ್ಯಾಡ ಅಂತ ನಾ ಮೊದ್ಲ ಹೇಳಿದ್ದೆ. ಸ್ಟೇಷನ್ನಿಗೆ ಹೋಗಾನ ನಡಿ!”

ಗೀತಾಂಜಲಿ ಎದ್ದೇ ಬಿಟ್ಟಳು. ರೇಣುಕಾ ಅಲುಗಲಿಲ್ಲ, ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು.

“ಈ ‘ಸ’ ನೋಡು. ಸಣ್ಣ ಗೆರಿ ಮೂರು ಕಡಿ ಹರದೈತಿ. ನೀ ಬರೆದಿದ್ದೂ ಹಿಂಗ?”

“ಇಲ್ರೀ! ದಾರ ಹರಿದ್ರ ಹೂವು ನಿಲ್ತಾವೇನ್ರಿ? ತೆಳು ಗೆರಿ ಫ್ಲೆಕ್ಸಿನ್ಯಾಗ ಮೂಡಿರಾಕಿಲ್ಲ ಬಿಡ್ರಿ.”

“ಹಂಗಾದ್ರ ‘ಭ’, ‘ಡ’ಗಳ ಸಣ್ಣ ಗೆರಿ ಹೆಂಗ ಮೂಡ್ಯಾವ?”

ಗೀತಾಂಜಲಿ ಬಗ್ಗಿ ಫೋಟೊ ನೋಡಿದಳು.

“ಹರದಿದ್ದು ಸ, ರ, ಳ. ಮೂರೂ ವರ್ಣಮಾಲಿಯ ಕಡೀ ಸಾಲಿನವು. ಆ ಮಾದರಿ ಹಾಳಿ ಎಲ್ಲೈತಿ?”

ಚಹಾ ತಂದ ತಾಯಿ ಗುರುಬಸಮ್ಮ ಹೇಳಿದರು: “ದೇವ್ರ ಕೋಣ್ಯಾಗ ಐತ್ರಿ. ಹೊಸಾದು ಏನ ಬರ್ಲಿ, ಮೊದ್ಲು ಪೂಜಿ ಆಗಬೇಕಲ್ರಿ?”

ದೇವರ ಕೋಣೆಯಲ್ಲಿ ಹಾಳೆ ಎತ್ತರದ ಮೊಳೆಗೆ ತೂಗುತ್ತಿತ್ತು. ಗುರುಬಸಮ್ಮ ಗಿಡ್ಡ, ಅವರ ಕೈ ಎಟುಕಿದ್ದು ಕೊನೆಯ ಸಾಲಿಗಷ್ಟೆ. ಆ ಸಾಲಿನುದ್ದಕ್ಕೂ ಮೂರು ಬೆರಳಿನಿಂದ ಎಳೆದ ವಿಭೂತಿಯ ಪಟ್ಟೆ. ಬೂದಿಯ ಕೆಳಗೆ ದಪ್ಪ ಗೆರೆಗಳು ಮಸುಕಾಗಿ ಕಾಣುತ್ತಿದ್ದವು. ಸಣ್ಣ ಗೆರೆಗಳು ಪಟ್ಟೆ ಹಾದ ಮೂರೂ ಕಡೆ ಪೂರ್ತಿ ಮುಚ್ಚಿಹೋಗಿದ್ದವು.

“ಮೌನೇಶ, ಸೋಮಶೇಖರ — ಇಬ್ಬರ ಹತ್ರಾನೂ ಇಡೀ ಅಕ್ಷರ ಅದಾವ,” ರೇಣುಕಾ ತಿರುಗಿ ನಿಂತರು. “ಅವ್ರು ಕದ್ದಿದ್ರ ಒಂದ್ ಎಳಿನೂ ಹರೀತಿರಲಿಲ್ಲ. ಕಳ್ಳ ಈ ಹಾಳಿ ಫೋಟೊ ಹೊಡದಾನ, ಅದೂ ವಿಭೂತಿ ಹಚ್ಚಿದ ಮ್ಯಾಲೆ. ಮಸುಕಾದ ದಪ್ಪ ಗೆರಿ ತುಂಬಿಸ್ಯಾನ. ಬೂದಿ ಕೆಳಗ ಸಣ್ಣ ಗೆರಿ ಇದ್ದದ್ದ ಅವಗ ಗೊತ್ತಿಲ್ಲ. ಗುರುಬಸಮ್ಮಾರ, ಪೂಜಿ ಆದಮ್ಯಾಲೆ ಈ ಕೋಣಿಗೆ ಯಾರು ಬಂದಿದ್ರು?”

“ಯಾರ್ ಬರ್ತಾರ್ರಿ? ಕರ್ಪೂರ ಬೆಳಗಾಕ ನಮ್ಮ ಬಸವೇಶ...” ಗುರುಬಸಮ್ಮನ ಮಾತು ಅಲ್ಲಿಗೇ ನಿಂತಿತು.

“ಹೌದು. ಬಸವೇಶ,” ಎಂದರು ರೇಣುಕಾ.

ಬಾಗಿಲಲ್ಲಿ ನಿಂತಿದ್ದ ಬಸವೇಶ್ ಚೌಕಟ್ಟು ಹಿಡಿದುಕೊಂಡ. “ಫ್ಲೆಕ್ಸ್ ಹಾಕೋ ದಾವಣಗೆರಿ ಗೆಳೆಯ ಚಂದದ ಅಕ್ಷರ ಕೇಳಿದ. ಒಂದ್ ಬೋರ್ಡಿಗೆ ಏನಾಕ್ಕೈತಿ ಅನ್ಕಂಡೆ. ಹರಿದ ಗೆರಿ... ಅದೂ ನಿನ್ನ ಡಿಸೈನ್ ಅನ್ಕಂಡೆ ತಂಗೀ!”

ಗೀತಾಂಜಲಿ ಅಣ್ಣನತ್ತ ತಿರುಗಿದಳು. ಕಳುವಿಗಿಂತ ಈ ಮಾತು ಹೆಚ್ಚು ಸುಟ್ಟಿತು. “ಇದ ಮನ್ಯಾಗ, ನಿನ್ನ ಕಣ್ಮುಂದ ಬರದೆ. ಒಂದ್ ಸಲಾನೂ ನೋಡಿಲ್ಲಲ್ಲಣ್ಣಾ!”

ಹಾಳೆಯ ಫೋಟೊ ತೆಗೆದು, ನಡೆದದ್ದೆಲ್ಲ ಬರೆದು ಧಾರವಾಡಕ್ಕೆ ಕಳಿಸಿದಳು. ಉತ್ತರ ಬರುವವರೆಗೆ ಅಂಗಳದಲ್ಲಿ ಸುತ್ತಿದಳು. ಕಡೆಗೆ ಬಂತು: “ಫ್ಲೆಕ್ಸ್ ಇಳಿಸಿ. ಅಕ್ಷರ ನಮಗೇ ಇರಲಿ.”

“ನಾನ ಹೋಗಿ ಇಳಿಸ್ತೀನಿ,” ಎಂದ ಬಸವೇಶ್.

“ಮೊದ್ಲು ಮೌನೇಶಗ ಫೋನ್ ಹಚ್ಚು. ಕದ್ದಾವ ಯಾರಂತ ನಿನ್ನ ಬಾಯಿಲೆ ಹೇಳು,” ಎಂದಳು ಗೀತಾಂಜಲಿ.

ಬಸವೇಶ್ ತಡವರಿಸುತ್ತ ಎಲ್ಲವನ್ನೂ ಹೇಳಿದ. ಸ್ಪೀಕರಿನಲ್ಲಿ ಮೌನೇಶನ ದನಿ ಮೆಲ್ಲಗೆ ಬಂತು:

“ಫೋಟೊ ನೋಡಿದ ಕೂಡ್ಲೆ ಎಳಿ ಹರದಿದ್ದು ಕಾಣ್ತು ಬಸವೇಶಣ್ಣ. ಇದು ನಮ್ಮ ಫೈಲಿಂದ ಹೋಗಿದ್ದಲ್ಲ ಅಂತ ಹೇಳಾಕ ಬಾಯಿ ತೆಗದಿದ್ದೆ. ಮೇಡಂ ಕೇಳಲಿಲ್ಲ.”

ಗೀತಾಂಜಲಿ ಅಣ್ಣನ ಕೈಯಿಂದ ಫೋನ್ ಇಸಿದುಕೊಂಡಳು. “ಈಗ ಹೇಳ್ರಿ ಮೌನೇಶ್,” ಎಂದಳು. “ಕೇಳ್ತೀನಿ.”