ಹಾಲು ಕುಡಿದ ಬಟ್ಟೆ

ಬಹಳ ಹಿಂದೆ, ಚಿತ್ರಾವಳಿ ಎಂಬ ರಾಜ್ಯದಲ್ಲಿ ಚಿತ್ರದ ಬಟ್ಟೆ ಉಡುವ ಹಕ್ಕು ಧೂಮಾಕ್ಷನೆಂಬ ಮಾಂತ್ರಿಕನೊಬ್ಬನಿಗೇ ಇತ್ತು. ಮಿಕ್ಕವರೆಲ್ಲ ಬರೀ ಬಿಳಿ ಉಡಬೇಕು. ರಾಜನೋ, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಅಂಥ ರಾಜ ಇದ್ದರೆಷ್ಟು, ಬಿಟ್ಟರೆಷ್ಟು!

ಅಗಸರ ದ್ಯಾವಮ್ಮ ಮಗಳು ಬೊಮ್ಮಿಯ ಲಂಗದ ಮೇಲೆ ಒಂದು ಗಿಳಿ ಬರೆದಳು. ಅಷ್ಟಕ್ಕೇ ಮಾಂತ್ರಿಕ ಅವಳ ಎರಡೂ ಕೈಗಳನ್ನು ಕಲ್ಲು ಮಾಡಿದ.

ಬೊಮ್ಮಿಯ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಹೋಗಿ ಅವನೆದುರು ನಿಂತಳು. "ನಮ್ಮವ್ವನ ಕೈ ವಾಪಸ್ ಕೊಡು!"

"ತೊಳೆದರೂ ಹೋಗದ ಚಿತ್ರ ಬರೆ, ಕೊಡುತ್ತೇನೆ. ಮೂರು ಸಲ ಅವಕಾಶ. ಸೋತ ಸಲಕ್ಕೊಂದಿಷ್ಟು ಮೈ ಕಲ್ಲು, ಮೂರನೆಯದಕ್ಕೆ ನೀನೇ ಕಲ್ಲು."

"ನೀನು ಸೋತರೆ?"

"ನಾನೇ ಕಲ್ಲಾಗುತ್ತೇನೆ," ಎಂದು ನಕ್ಕ.

ಮೊದಲ ದಿನ ಬೊಮ್ಮಿ ಬಟ್ಟೆಯ ಮೇಲೆ ಇದ್ದಿಲಿನಿಂದ ಗಿಳಿ ಬರೆದಳು. ಮಾಂತ್ರಿಕ ಹೊಳೆಯಲ್ಲಿ ಅದ್ದಿದ, ಗಿಳಿ ಹೋಯಿತು. ಬೊಮ್ಮಿಯ ಎಡಗೈ ಕಲ್ಲಾಯಿತು.

ಎರಡನೆಯ ದಿನ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಲ್ಲಿ ಕೊಳೆಸಿಟ್ಟಿದ್ದ ಕಪ್ಪಿನಿಂದ ಬರೆದಳು. ಕಪ್ಪು ಹರಡಿ ಗಿಳಿ ಕಾಗೆಯಾಯಿತು, ನೀರಿಗೆ ಬಿದ್ದು ಅದೂ ಹೋಯಿತು. ಅವಳ ಕಾಲೆರಡೂ ಕಲ್ಲಾದವು.

"ಸಿಟ್ಟಿನಲ್ಲಿ ಬಟ್ಟೆಗೆ ಹಾಲು ಕುಡಿಸೋದನ್ನೇ ಮರೆತೆಯಲ್ಲೇ ಮೂದೇವಿ!" ಎಂದು ದ್ಯಾವಮ್ಮ ಗದರಿದಳು. "ಯಾವ ಕಲೆ ಹೋಗಲ್ಲ ಅಂತ ಅಗಸರಿಗಲ್ಲದೆ ಇನ್ಯಾರಿಗೆ ಗೊತ್ತು? ಅಳಲೆಕಾಯಿ ಅರೆದು ಎಮ್ಮೆ ಹಾಲಿಗೆ ಹಾಕು, ಬಟ್ಟೆ ನೆನೆಸಿ ಒಣಗಿಸು, ಬರೆದದ್ದು ಹರಡಲ್ಲ. ಆಮೇಲೆ ಪಟಿಕದ ನೀರಿಂದ ಬರಿ. ಪಟಿಕ ಸೋಕಿದ ಕಡೆ ಮಂಜಿಷ್ಠದ ಬೇರಿನ ಕೆಂಪು ಕಚ್ಚಿಕೊಳ್ಳುತ್ತೆ. ಸಿಟ್ಟು ಇರಲಿ ಮಗಳೇ, ಕೈ ಮಾತ್ರ ನಿಧಾನವಾಗಲಿ."

ಮೂರನೆಯ ದಿನ ಜನ ಬೊಮ್ಮಿಯನ್ನು ಹೊತ್ತು ಹೊಳೆಗೆ ತಂದರು. ಪಟಿಕದ ನೀರಿನಿಂದ ಗಿಳಿ ಬರೆದಿದ್ದ ಬಟ್ಟೆಯ ಮೇಲೆ ಏನೂ ಕಾಣುತ್ತಿರಲಿಲ್ಲ.

"ಖಾಲಿ ಬಟ್ಟೆ ಒಗೆಯಲು ನಾನೇನು ನಿನ್ನ ಅಗಸನೇ?" ಎಂದ ಮಾಂತ್ರಿಕ.

"ಇವತ್ತು ಹೌದು. ಹೊಳೆಯಲ್ಲಿ ಒಗಿ, ಆಮೇಲೆ ಈ ಹಂಡೆಯಲ್ಲಿ ಕುದಿಸು. ಹೆದರಿಕೆಯಾ?"

ಹಂಡೆಯಲ್ಲಿ ಮಂಜಿಷ್ಠದ ಬೇರು ಕುದಿಯುತ್ತಿತ್ತು. ಸೊಕ್ಕಿನವನು ಒಗೆದ, ಕುದಿಸಿದ. ಕೋಲಿನಿಂದ ಎತ್ತಿದರೆ ಕೆಂಪು ಗಿಳಿ! ಮತ್ತೆ ಒಗೆದ, ಮತ್ತೆ ಕುದಿಸಿದ. ಗಿಳಿ ಇನ್ನೂ ಕೆಂಪಾಯಿತು. ಬಟ್ಟೆಯಿಂದಲೇ ಕತ್ತೆತ್ತಿ "ಸೋತೆ!" ಎಂದು ಕೂಗಿತು.

ಆಡಿದ ಮಾತು ಮಾಂತ್ರಿಕನನ್ನೇ ಹಿಡಿಯಿತು. ಬಗ್ಗಿದವನು ಬಗ್ಗಿದಂತೆಯೇ ಕಲ್ಲಾದ. ತಾಯಿ ಮಗಳ ಕೈಕಾಲು ಮರಳಿ ಬಂದವು.

ಆಗ ರಾಜ ಬಾಯಿ ಬಿಟ್ಟ. "ನನಗೂ ಒಂದು ಗಿಳಿಯ ಶಾಲು, ತಾಯಿ."

"ಬಾಯಿ ಈಗ ಬಂತಾ? ಸಾಲಿನ ಕೊನೆಗೆ ಹೋಗಿ ನಿಂತ್ಕೊ," ಎಂದಳು ದ್ಯಾವಮ್ಮ.

ಊರಿಗೆ ಊರೇ ಚಿತ್ರದ ಬಟ್ಟೆ ಉಟ್ಟು ಸುಖವಾಗಿ ಬಾಳಿತು. ಹೊಳೆಯ ದಂಡೆಯಲ್ಲಿ ಒಗೆಯುವುದಕ್ಕೆ ಒಂದು ಒಳ್ಳೆಯ ಕಲ್ಲೂ ಸಿಕ್ಕಿತು. ಮೊದಲ ಬಟ್ಟೆಯನ್ನು ಅದರ ಬೆನ್ನಿಗೆ ಬೊಮ್ಮಿಯೇ ಎತ್ತಿ ಎತ್ತಿ ಬಡಿದಳು.