ತೂಕ ನೋಡುವ ಎಂಜಿನ್

ಗಾಡಿಯಿಂದ ನಾಲ್ವರು ಇಳಿದು ಚಾಲಕನೊಬ್ಬನೇ ಉಳಿದ, ತೂಕ ಇಳಿದದ್ದು ಕಂಡು ಎಂಜಿನ್ ತನ್ನಷ್ಟಕ್ಕೆ ತಾನೇ ಚಿಕ್ಕದಾಯಿತು. ಎಂಟು ಸಿಲಿಂಡರುಗಳಲ್ಲಿ, ಅಂದರೆ ಇಂಧನ ಉರಿಯುವ ಕೊಳವೆಗಳಲ್ಲಿ, ಆರು ಮುಚ್ಚಿಕೊಂಡು ಎರಡೇ ಉಳಿದವು. ಒಬ್ಬನೇ ಕೂತಾಗ ಗಾಡಿ ಗಂಟೆಗೆ ಅರವತ್ತು ಕಿಲೋಮೀಟರ್ ದಾಟುತ್ತಿರಲಿಲ್ಲ. ವೇಗ ಇಮ್ಮಡಿಯಾದರೆ ಎದುರುಗಾಳಿಯ ತಡೆ ನಾಲ್ಮಡಿಯಾಗುತ್ತದೆ, ಆ ಗುದ್ದಾಟಕ್ಕೆ ಇಂಧನ ಸುರಿಯುವುದು ಶುದ್ಧ ದಡ್ಡತನ ಎಂಬುದು ಇದನ್ನು ಕಂಡುಹಿಡಿದ ಡಾ. ವಿಜಯಶೀಲಾ ಕಮತಗಿಯ ಮತ.

೨೦೫೮ರ ಹುಬ್ಬಳ್ಳಿಯಲ್ಲಿ ಇಂಧನ ಪಾಳಿಯ ಮೇಲೆ ಸಿಗುತ್ತಿತ್ತು. ಹಳ್ಳಿ ಬಸ್ಸುಗಳು ನಿಂತು ವರ್ಷವಾಗಿತ್ತು. ನೂರು ಖಾಸಗಿ ಗಾಡಿಗಳಿಗೆ ಈ ಎಂಜಿನ್ ಕೂರಿಸಿ, ಮೂರು ತಿಂಗಳಲ್ಲಿ ಖರ್ಚು ಅರ್ಧಕ್ಕಿಳಿದರೆ ಉಳಿದ ಇಂಧನ ಬಸ್ಸುಗಳಿಗೆ, ಇಳಿಯದಿದ್ದರೆ ಯೋಜನೆಯೇ ಬಂದ್ ಎಂದು ಸರಕಾರ ಹೇಳಿತ್ತು. ವಿಜಯಶೀಲಾಳ ಇಪ್ಪತ್ತು ವರ್ಷದ ದುಡಿಮೆ ಅದು.

ಮೂರು ತಿಂಗಳಾದಾಗ ಖರ್ಚು ಇಳಿದಿರಲಿಲ್ಲ, ಏರಿತ್ತು. ಎಂಜಿನ್‌ಗಳನ್ನೆಲ್ಲ ಬಿಚ್ಚಿ ನೋಡಿದಳು, ಒಂದರಲ್ಲೂ ದೋಷವಿಲ್ಲ. ಕೊನೆಗೆ ಕಾಳಿನ ವ್ಯಾಪಾರಿ ರುದ್ರಗೌಡ ಹಂಚಿನಮನಿಯವರ ಗಾಡಿಯ ಡಿಕ್ಕಿ ತೆಗೆಸಿದಳು. ಒಳಗೆ ಒತ್ತೊತ್ತಾಗಿ ಜೋಡಿಸಿದ, ನೆಲಕ್ಕೆ ಹಾಸುವ ಶಹಾಬಾದಿ ಫರಸಿಕಲ್ಲು. ಅವಳಿಗೆ ಮೈಯೆಲ್ಲ ಉರಿಯಿತು.

"ಇದೇನ್ರೀ ಗೌಡ್ರ? ಮನಿ ಕಟ್ಟಾಕತ್ತೀರೇನು?"

"ಮತ್ತೇನ್ ಮಾಡ್ಲಿರಿ ಮೇಡಂ? ನಾ ಒಬ್ಬಾವ ಕುಂತ್ರ ನಿಮ್ಮ ಎಂಜಿನ್ನು ಹೊಲಿಗಿ ಮಷಿನ್ ಆಗಿಬಿಡ್ತೈತಿ. ಸಪ್ಪಳಿಲ್ಲ, ಓಟಿಲ್ಲ. ಪ್ಯಾಟ್ಯಾಗ ನನ್ ಮರ್ಯಾದಿ ಏನ್ ಉಳೀತ್ರಿ? ಕಲ್ಲು ಹಾಕಿದ್ ಮ್ಯಾಲ ನೋಡ್ರಿ, ಎಂಟೂ ಹೆಂಗ ಗುಡುಗತಾವ!"

"ಕಲ್ಲಿನ ಬದ್ಲಿ ಓಣಿ ಮಂದೀನರ ಕುಂದರಿಸ್ಕೋಬಾರದಾ?"

ಗೌಡರು ಮುಖ ಕಿವಿಚಿದರು. "ಕಂಡಕಂಡೋರ್ನ ಹತ್ತಿಸ್ಕೊಳ್ಳಾಕ ಇದೇನ್ ಬಾಡಿಗಿ ಟಂಟಂ ಆಟೋ ಏನ್ರಿ?"

ನೂರರಲ್ಲಿ ಎಂಬತ್ತೊಂದು ಗಾಡಿಗಳಲ್ಲಿ ಕಲ್ಲು ಸಿಕ್ಕಿತು. ಇಡೀ ಊರಿನ ದೊಡ್ಡಮನುಷ್ಯರು ಕಲ್ಲುಗಳಿಗೆ ಸವಾರಿ ಮಾಡಿಸಿದ್ದರು, ಮನುಷ್ಯರನ್ನು ಹತ್ತಿಸಿಕೊಂಡಿರಲಿಲ್ಲ. ಪ್ರತಿಷ್ಠೆಗೆ ಇಷ್ಟು ತೂಕವಿರುತ್ತದೆಂದು ತನ್ನ ಲೆಕ್ಕದಲ್ಲಿ ಹಿಡಿಯದ ತಾನೂ ಪೆದ್ದಿಯೇ ಎಂದುಕೊಂಡಳು. 'ಎಂಜಿನ್ ಜನರಿಗೆ ಒಗ್ಗಿಲ್ಲ' ಎಂದು ಷರಾ ಬರೆದು ಸರಕಾರ ಯೋಜನೆ ಮುಚ್ಚಿತು. ಬಸ್ಸುಗಳು ಡಿಪೋದಲ್ಲೇ ತುಕ್ಕು ಹಿಡಿದವು.

ಪ್ರಯೋಗಾಲಯ ಖಾಲಿ ಮಾಡುವಾಗ ಕಪಾಟಿನ ಹಿಂದೆ ಒಂದು ಹಳೆಯ ಫೋಟೊ ಸಿಕ್ಕಿತು. ಮೂವತ್ತು ವರ್ಷದ ಹಿಂದಿನ ಹುಬ್ಬಳ್ಳಿ, ಸಿಗ್ನಲ್ಲಿನಲ್ಲಿ ನಿಂತ ಗಾಡಿಗಳ ಸಾಲು. ಅಭ್ಯಾಸಬಲದಿಂದ ತಲೆ ಎಣಿಸಿದಳು. ಏಳು ಸೀಟಿನ ಗಾಡಿಗೆ ಒಂದು ತಲೆ, ಪಕ್ಕದ್ದಕ್ಕೆ ಒಂದು, ಅದರ ಹಿಂದಿನದಕ್ಕೂ ಒಂದೇ. ಎಪ್ಪತ್ತು ಕಿಲೋ ಮನುಷ್ಯನನ್ನು ಒಯ್ಯಲು ಎರಡು ಟನ್ ಕಬ್ಬಿಣ. ಪಾಪ, ಆ ಕಾಲದವರು ಕಲ್ಲು ಹೊರುವ ಕಷ್ಟಪಡಬೇಕಿರಲಿಲ್ಲ, ಆ ಭಾರವನ್ನು ಕಾರ್ಖಾನೆಯವರೇ ತುಂಬಿ ಕಳಿಸುತ್ತಿದ್ದರು.