ಊಟದ ಹೊತ್ತಿನಲ್ಲಿ ತೆರೆದ ಫೈಲು

"ಏಳ್ರಿ ಮೊದಲ! ಆ ಫೈಲು ಮುಟ್ಟಬ್ಯಾಡ್ರಿ!"

ಭಕ್ತಿಯ ದನಿಗೆ ಇಡೀ ಲ್ಯಾಬು ತಿರುಗಿ ನೋಡಿತು. ಅವಳ ಕುರ್ಚಿಯಲ್ಲಿ, ಅವಳದೇ ಕಂಪ್ಯೂಟರಿನ ಮುಂದೆ, ಯಾರೋ ಒಬ್ಬ ಆರಾಮಾಗಿ ಕೂತಿದ್ದ!

ಅವನು ಗಾಬರಿಯಿಂದ ಎದ್ದ. "ಕ್ಷಮಿಸಿ ಮೇಡಂ. ನಾನು ವಿಶ್ವಜಿತ್. ಐದು ಯೂನಿವರ್ಸಿಟಿಗಳ ನೆಟ್‌ವರ್ಕ್ ಕೆಲಸಕ್ಕೆ ನಿಮ್ಮ ಲ್ಯಾಬಿನ ಮುಖ್ಯಸ್ಥರು, ಗೋಪಿನಾಥ ಸರ್, ಕರೆಸಿದ್ದಾರೆ."

"ಕರೆಸಿರಬೋದು. ನನ್ನ ಕೇಳಿದ್ರೇನು?"

ಹೈದರಾಬಾದಿನಲ್ಲಿ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಸಾಫ್ಟ್‌ವೇರ್‌ನವರು ಮುಟ್ಟಿದ್ದೆಲ್ಲ ಬಂಗಾರ ಎಂದು ಊರೇ ನಂಬಿತ್ತು, ನಮ್ಮ ಭಕ್ತಿಯೊಬ್ಬಳನ್ನು ಬಿಟ್ಟು!

ಅವಳ ಅನುಮಾನಕ್ಕೆ ಕಾರಣವಿತ್ತು. ಊರಾಚೆಯ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ದುಡಿಯುವ ಇನ್ನೂರು ಹೆಂಗಸರು ನಾಲ್ಕು ವರ್ಷಗಳಿಂದ ಅವಳಿಗೆ ರಕ್ತ ಕೊಡುತ್ತಿದ್ದರು. ಅಲ್ಲಿನ ಹೊಗೆ ಅವರ ಲಿವರ್‌ಗೆ ಏನು ಮಾಡುತ್ತಿದೆ ಎಂಬುದು ಅವಳ ಸಂಶೋಧನೆ. ರಕ್ತ ಕೊಟ್ಟವರು ಯಾರೆಂದು ಕಾರ್ಖಾನೆಗೆ ತಿಳಿದರೆ ಮರುದಿನವೇ ಕೆಲಸದಿಂದ ಹೊರಗೆ. "ನಿಮ್ಮ ಹೆಸರು ಯಾರಿಗೂ ಗೊತ್ತಾಗೂದಿಲ್ಲ" ಎಂದು ಒಬ್ಬೊಬ್ಬರ ಕೈಹಿಡಿದು ಮಾತು ಕೊಟ್ಟವಳು ಅವಳು.

ಈಗ ಐದು ಯೂನಿವರ್ಸಿಟಿಗಳ ಮಾಹಿತಿ ಒಂದೇ ಕಡೆ ಸೇರಬೇಕಂತೆ. ಒಬ್ಬರಿಗೆ ಕಾಣದ ರೋಗದ ಜಾಡು ಐವರಿಗೆ ಕಾಣುತ್ತದಂತೆ. 'ಕಾಣಲಿ, ಆದರೆ ನನ್ನ ಹೆಂಗಸರು ಕಾಣಬಾರದು' ಎಂದುಕೊಂಡಳು.

ಎರಡು ತಿಂಗಳಲ್ಲಿ ಅವಳ ಬಿಗಿ ಸ್ವಲ್ಪ ಸಡಿಲವಾಯಿತು. ವಿಶ್ವಜಿತ್ ಮೈಸೂರಿನ ಹುಡುಗ, ಮೆತ್ತಗಿನ ಮಾತು. ಸಂಜೆ ಇರಾನಿ ಚಹಾ ಕುಡಿಯುತ್ತ ಅವಳ ಹೆಂಗಸರ ಕಥೆಗಳನ್ನೆಲ್ಲ ಕೇಳುತ್ತಿದ್ದ. ಅವನು ಲ್ಯಾಬಿಗೆ ಬಾರದ ದಿನ ಹಿಮಾಯತ್‌ನಗರದ ತನ್ನ ಮನೆಯಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಇದು ಪ್ರೀತಿಯಲ್ಲದೆ ಇನ್ನೇನು? ಆದರೆ ಒಪ್ಪಿಕೊಳ್ಳುವ ಹೆಣ್ಣೇ ಅವಳು!

ಒಂದು ಸೋಮವಾರ, ತನ್ನ ಫೈಲನ್ನು ಯಾವಾಗ ಯಾರು ತೆರೆದಿದ್ದಾರೆಂಬ ಪಟ್ಟಿ ನೋಡಿದಳು. ಒಂದೇ ಹೆಸರು ಮತ್ತೆ ಮತ್ತೆ ಬಂದಿತ್ತು.

ವಿಶ್ವಜಿತ್. ಕಳೆದ ಐದು ಕೆಲಸದ ದಿನಗಳಿಂದ, ದಿನವೂ ಒಂದೂಕಾಲಿಗೆ. ಸರಿಯಾಗಿ ಅವಳು ಊಟಕ್ಕೆ ಹೋದ ಹೊತ್ತಿಗೆ! ಪ್ರತಿಸಲವೂ ಒಂದು ನಕಲು ಅವನ ಕಂಪ್ಯೂಟರಿಗೆ ಹೋಗಿತ್ತು.

"ಏನ್ ಮಾಡಾಕತ್ತೀರಿ ನನ್ನ ಫೈಲಿನಾಗ?" ನೇರವಾಗಿ ಕೇಳಿಯೇಬಿಟ್ಟಳು.

ಅವನ ಮುಖ ಬಿಳಿಚಿಕೊಂಡಿತು. "ಈಗ ಹೇಳೋಕಾಗಲ್ಲ ಭಕ್ತಿ. ಶುಕ್ರವಾರದವರೆಗೆ ನನ್ನನ್ನ ನಂಬ್ತೀರಾ?"

"ಯಾಕ ನಂಬಬೇಕು? ಕದ್ದು ನೋಡೋರನ್ನ?"

ಅವನು ತನ್ನ ಕಂಪ್ಯೂಟರ್ ಆರಿಸಿ ಹೊರಗೆ ನಡೆದ. ಕಾರ್ಖಾನೆಯವರೇ ಕಳಿಸಿದ ಮನುಷ್ಯ ಇವನು ಎನಿಸಿತು ಭಕ್ತಿಗೆ... ಚಹಾ, ನಗು, ಎಲ್ಲ ನಾಟಕ! ಅಂದೇ ಅವಳು ಗೋಪಿನಾಥ ಸರ್‌ಗೆ ದೂರು ಬರೆದುಕೊಟ್ಟಳು. ಶುಕ್ರವಾರ ಐದೂ ಯೂನಿವರ್ಸಿಟಿಯವರ ಸಭೆ. ಅಲ್ಲಿಯೇ ವಿಚಾರಣೆ ಎಂದರು ಸರ್.

ಗುರುವಾರ ಬಸ್ಸು ಹಿಡಿದು ಪಟಾನ್‌ಚೆರುವಿಗೆ ಹೋದಳು. ಬೀದರ್ ಕಡೆಯ ಪಾರ್ವತೆಮ್ಮ ತೋಳು ಚಾಚಿ ಕೂತಳು. ಭಕ್ತಿ ರಕ್ತ ತೆಗೆದು, ಎಂದಿನಂತೆ ಶೀಶೆಯ ಮೇಲೆ ನಂಬರು ಬರೆದಳು. ಹೆಂಗಸರಿಗೆ ನೆನಪಿರಲಿ ಎಂದು ಅವರವರ ಕಾರ್ಖಾನೆಯ ಹಾಜರಿ ಟೋಕನ್ ನಂಬರನ್ನೇ ಮೊದಲ ದಿನದಿಂದ ಬರೆಯುತ್ತ ಬಂದಿದ್ದಳು.

"ಅಕ್ಕಾರ, ಈ ನಂಬರು ದೂರದ ಊರಿಗೂ ಹೋಗ್ತದೇನ್ರಿ?"

"ಹೂಂ. ಹೆಸರು ಹೋಗೂದಿಲ್ಲ. ಅಂಜಬ್ಯಾಡ್ರಿ."

"ಹೆಸರು ಯಾತಕ್ಕ ಬೇಕ್ರಿ? ನಮ್ಮ ಸೂಪರ್‌ವೈಜರ್ ಈ ನಂಬರು ಹಿಡದೇ ಕೂಗ್ತಾನ. ಇದನ್ನ ನೋಡಿದ್ರ ನನ್ನ ಥಟ್ಟನ ಹಿಡೀತಾನ!"

ಭಕ್ತಿ ಶೀಶೆಯ ಮೇಲೆ ತಾನೇ ಬರೆದ ನಂಬರನ್ನು ಮತ್ತೆ ಓದಿದಳು. ಅಯ್ಯೋ ದೇವರೇ... ಇಷ್ಟು ವರ್ಷ ಹೊಳೆಯಲೇ ಇಲ್ಲವಲ್ಲ!

ಓಡೋಡಿ ಲ್ಯಾಬಿಗೆ ಬಂದಳು. ನೆಟ್‌ವರ್ಕಿಗೆ ಹೊರಟ ಮಾಹಿತಿಯನ್ನು ತೆರೆಸಿ ನೋಡಿದಳು. ಅವಳ ಫೈಲೊಂದೇ ಎಲ್ಲಿಗೂ ಹೋಗಿರಲಿಲ್ಲ. ಎಂಟು ದಿನದ ಹಿಂದೆಯೇ ವಿಶ್ವಜಿತ್ ಅದನ್ನು ತಡೆದಿದ್ದ. ಪಕ್ಕದಲ್ಲಿ ಅವನು ಮಾಡಿಟ್ಟ ಪ್ರತಿಯಿತ್ತು. ದಿನಕ್ಕೆ ಇಪ್ಪತ್ತೈದರಂತೆ ಇನ್ನೂರು ಟೋಕನ್ನುಗಳನ್ನೂ ಅಳಿಸಿ, ಯಾರಿಗೂ ಅರ್ಥವಾಗದ ಹೊಸ ಗುರುತು ಕೊಟ್ಟಿದ್ದ.

ಮರುದಿನ ಸಭೆಯಲ್ಲಿ ಗೋಪಿನಾಥ ಸರ್ ದೂರು ಓದಿದರು. "ವಿಶ್ವಜಿತ್, ಉತ್ತರ ಕೊಡಿ. ಇಲ್ಲದಿದ್ದರೆ ಇಲ್ಲಿ ನಿಮ್ಮ ಕೆಲಸ ಇವತ್ತಿಗೆ ಮುಗಿಯಿತು."

ಅವನು ಅವಳ ಕಡೆ ಒಮ್ಮೆ ನೋಡಿದ. ಬಾಯಿ ಬಿಡಲಿಲ್ಲ!

'ನಾನು ಸುಮ್ಮನಿದ್ದರೆ ನನ್ನ ನಾಲ್ಕು ವರ್ಷ ಉಳಿಯುತ್ತದೆ. ಅವನು ಹೋಗುತ್ತಾನೆ...' ಭಕ್ತಿ ಎದ್ದು ನಿಂತಳು.

"ಸರ್, ತಪ್ಪು ನಂದು. ನಾನು ಟೋಕನ್ ನಂಬರು ಹಾಕಿದ್ದೆ. ಇವರು ಆ ಹೆಂಗಸರನ್ನ ಉಳಿಸ್ಯಾರ."

ಸಭೆಯಲ್ಲಿ ಗದ್ದಲವಾಯಿತು. ಕೊನೆಗೆ ತೀರ್ಮಾನ ಬಂತು. ಅವಳ ಸಂಶೋಧನೆ ಆರು ತಿಂಗಳು ನಿಲ್ಲಬೇಕು, ಪ್ರತಿ ಹೆಂಗಸಿಗೂ ವಿಷಯ ತಿಳಿಸಿ ಮತ್ತೆ ಒಪ್ಪಿಗೆ ಪಡೆಯಬೇಕು. ಐದೂ ಕಡೆಯ ನಂಬರುಗಳನ್ನು ಪರೀಕ್ಷಿಸುವವರೆಗೆ ನೆಟ್‌ವರ್ಕ್ ತೆರೆಯುವುದಿಲ್ಲ. ವಿಶ್ವಜಿತ್ ಕೆಲಸದಲ್ಲಿ ಮುಂದುವರಿಯುತ್ತಾನೆ.

ವರಾಂಡದಲ್ಲಿ ಅವಳು ಅವನನ್ನು ಅಡ್ಡಗಟ್ಟಿದಳು. ಅವಳ ಕಣ್ಣು ತುಂಬಿತ್ತು.

"ಯಾಕ ಹೇಳಲಿಲ್ಲ ನನಗ?"

"ಹೇಳಿದ್ದರೆ ಅವತ್ತೇ ಸರ್ ಹತ್ತಿರ ಹೋಗಿ ಒಪ್ಪಿಕೊಳ್ತಿದ್ರಿ. ನೀವು ಮುಚ್ಚಿಡೋರಲ್ಲ. ಸರಿಮಾಡಿ ಕೈಗೆ ಕೊಟ್ಟರೆ ನಿಮ್ಮ ಕೆಲಸ ಉಳಿಯುತ್ತೆ ಅಂದುಕೊಂಡೆ..."

"ಅಂದ್ರ ನೀವೂ ನನ್ನ ನಂಬಲಿಲ್ಲ!"

ಅವನು ತಡವರಿಸಿದ. "ಇಲ್ಲ... ತಪ್ಪಾಯ್ತು. ನಿಮಗೆ ನೋವಾಗೋದನ್ನ ನೋಡೋಕೆ ಆಗ್ತಿರಲಿಲ್ಲ ಭಕ್ತಿ. ಪ್ರೀತಿಸ್ತೀನಿ ನಿಮ್ಮನ್ನ. ಇದನ್ನೂ ಮುಚ್ಚಿಟ್ಟಿದ್ದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುವಿನ ನಡುವೆಯೇ ನಗು ಬಂದುಬಿಟ್ಟಿತು.

"ರವಿವಾರ ಮನಿಗೆ ಬರ್ರಿ. ನಮ್ಮ ಅಪ್ಪಾರು ಭಾಳ ಪ್ರಶ್ನೆ ಕೇಳ್ತಾರ. ಅಲ್ಲೂ ಹಿಂಗ ಬಾಯಿ ಮುಚ್ಚಿ ಕುಂದ್ರಬ್ಯಾಡ್ರಿ ಮತ್ತ!"

"ಏನು ಹೇಳಲಿ ಅವರಿಗೆ?"

"ಈಗ ನನಗ ಹೇಳಿದ್ರಲ್ಲ... ಅದನ್ನ ಹೇಳ್ರಿ. ನಾನೂ ಬಾಜೂಕ ಕುಂತು ಹೂಂ ಅಂತೀನಿ."